ಗಾಳಿಪಟಗಳ ಸಂಗ್ರಹ: ಯಾವುದನ್ನು ಹಾರಿಸಬೇಕು, ಯಾವುದನ್ನು ಕಾಪಿಡಬೇಕು?

ಪ್ರಶ್ನೆ: ಗಾಳಿಪಟಗಳನ್ನು ಕೂಡಿಡುವುದು ನನ್ನ ಬಹುಕಾಲದ ಹವ್ಯಾಸ. ಆಷಾಢದ ಬಾಲಂಗೋಚಿ ಪಟಗಳು, ಅಹಮದಾಬಾದಿನಿಂದ ತಂದ ಪತಂಗಗಳೆಂಬ ಕಾಳಗದ ಪಟಗಳು, ಆರು ಮೂಲೆಯ ಒಂದು ಜಪಾನಿ ರೊಕ್ಕಾಕು, ತ್ರಿಕೋನಾಕಾರದ ಎರಡು ಡೆಲ್ಟಾ, ಕಡ್ಡಿಯಿಲ್ಲದ ಒಂದು ಪ್ಯಾರಾಫಾಯಿಲ್, ಅಕ್ಕನ ಮಗ ಹೊರದೇಶದಿಂದ ತಂದುಕೊಟ್ಟ ಎರಡು ದಾರದ ಸ್ಪೋರ್ಟ್ ಪಟಗಳು, ಎಲ್ಲ ಸೇರಿ ನಲವತ್ತರ ಆಸುಪಾಸು ಇವೆ. ಕೆಲವನ್ನು ಗೋಡೆಗೆ ನೇತುಹಾಕಿದ್ದೇನೆ, ಉಳಿದವು ಅಟ್ಟದ ಮೇಲಿವೆ. ಹಳೆಯ ಮಾಂಜಾ, ಅಂದರೆ ಪಟ ಕಡಿಯುವ ಹರಿತ ದಾರ, ಸುತ್ತಿದ ಚರಕಗಳೂ ಇವೆ. ಕೆಲವು ಬಿದಿರು ಕಡ್ಡಿಗಳಿಂದ ಹಿಟ್ಟು ಉದುರುತ್ತಿದೆ. ಸ್ಪೋರ್ಟ್ ಪಟಗಳಲ್ಲಿ ಒಂದು ಯಾವಾಗಲೂ ಎಡಕ್ಕೇ ಎಳೆಯುತ್ತದೆ. ಇವನ್ನು ಹಾರಿಸುತ್ತಿರಬೇಕೇ, ಕಾಪಿಡಬೇಕೇ? ನಮ್ಮ ಕಡೆಯ ಗಾಳಿಗೆ ಯಾವುದು ಒಗ್ಗುತ್ತದೆ? ಮುಂದೆ ನಾಲ್ಕು ದಾರದ ಪಟ ಕೊಳ್ಳುವ ಆಸೆಯಿದೆ, ಅದು ಸರಿಯೇ? (ಓದುಗರು, ದಾವಣಗೆರೆ)

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಇಂದೇ ಕೈಹಾಕಬೇಕಾದದ್ದು ಬಿದಿರಿನಿಂದ ಉದುರುತ್ತಿರುವ ಹಿಟ್ಟಿನ ವಿಷಯಕ್ಕೆ. ಅದು ಕುಟ್ಟೆ ಹುಳುವಿನ ಕೆಲಸ. ಬಿದಿರಿನೊಳಗಿನ ಪಿಷ್ಟವನ್ನು ತಿಂದು ಬೆಳೆಯುವ ಮರಿಹುಳು ಕಡ್ಡಿಯ ಒಳಗೇ ಸುರಂಗ ಕೊರೆಯುತ್ತದೆ; ಹೊರಗೆ ಸೂಜಿಮೊನೆಯಷ್ಟು ತೂತು ಕಾಣುವ ಹೊತ್ತಿಗೆ ಬೆಳೆದ ಹುಳು ಹೊರಬಿದ್ದು ಪಕ್ಕದ ಪಟಕ್ಕೆ ದಾಟಿರುವ ಸಂಭವವೇ ಹೆಚ್ಚು. ಆದ್ದರಿಂದ ಹಿಟ್ಟು ಕಂಡ ಪಟಗಳನ್ನು ಮಾತ್ರವಲ್ಲದೆ ಅವುಗಳ ಜೊತೆಯಲ್ಲಿ ಇಟ್ಟಿದ್ದ ಬಿದಿರಿನ ಪಟಗಳೆಲ್ಲವನ್ನೂ ಬೇರೆ ಕೋಣೆಗೆ ಸಾಗಿಸಿ, ಒಂದೊಂದನ್ನೂ ದಪ್ಪ ಪಾಲಿಥಿನ್ ಹಾಳೆಯಲ್ಲಿ ಸುತ್ತಿ, ಒಳಗಿನ ಗಾಳಿಯನ್ನು ಆದಷ್ಟು ಒತ್ತಿ ತೆಗೆದು, ಅಂಚನ್ನು ಟೇಪಿನಿಂದ ಮುಚ್ಚಿರಿ. ಬಳಿಕ ಮೈನಸ್ 18ರಿಂದ 20 ಡಿಗ್ರಿ ಸೆಲ್ಸಿಯಸ್ ಇರುವ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ವಸ್ತುಸಂಗ್ರಹಾಲಯಗಳಲ್ಲಿ ಮರ, ಬಟ್ಟೆ, ಕಾಗದದ ವಸ್ತುಗಳಿಗೆ ಅನುಸರಿಸುವ ಕ್ರಮವೇ ಇದು. ಪತಂಗಗಳು ಮನೆಯ ಫ್ರಿಜ್ಜಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಪರಿಚಯದ ಐಸ್‌ಕ್ರೀಮ್ ಅಂಗಡಿಯವರ ಉದ್ದನೆಯ ಪೆಟ್ಟಿಗೆ ಫ್ರೀಜರನ್ನು ಕೇಳಿ ಪಡೆಯಬಹುದು. ಹೊರತೆಗೆದ ಮೇಲೆ ಒಂದು ಇಡೀ ದಿನ ಪಾಲಿಥಿನ್ ಬಿಚ್ಚಬಾರದು. ತಣ್ಣಗಿರುವಾಗಲೇ ಬಿಚ್ಚಿದರೆ ಕೋಣೆಯ ತೇವ ಕಾಗದದ ಮೇಲೆ ಹನಿಯಾಗಿ ಕೂತು ಬಣ್ಣ ಹರಡುತ್ತದೆ.

ನುಸಿಗುಳಿಗೆ ಹಾಕಿದರೆ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ಕಡ್ಡಿಯೊಳಗೆ ಸೇರಿರುವ ಮರಿಹುಳುವಿಗೆ ಅದರಿಂದ ಏನೂ ಆಗುವುದಿಲ್ಲ, ಅಲ್ಲದೆ ಅದರ ಆವಿ ಸ್ಪೋರ್ಟ್ ಪಟದ ಪ್ಲಾಸ್ಟಿಕ್ ಬಿಡಿಭಾಗಗಳಿಗೆ ಒಳ್ಳೆಯದಲ್ಲ. ಕಾಗದ ಅಂಟಿಸುವ ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ರೂಢಿ ಬೈಂಡಿಂಗ್ ಮಾಡುವವರಲ್ಲಿದೆ. ಅದು ಹುಳುವನ್ನು ದೂರವಿಡುತ್ತದೆ ಎಂಬುದು ನಿಜವಾದರೂ ತಾಮ್ರದ ಅಂಶ ವರ್ಷಗಳು ಕಳೆದಂತೆ ಕಾಗದವನ್ನು ಪೆಡಸಾಗಿಸುತ್ತದೆಯಾದ್ದರಿಂದ ಕಾಪಿಡುವ ಪಟಗಳಿಗೆ ಬೇಡ. ಹರಿದಲ್ಲಿ ಸೆಲ್ಲೋಟೇಪನ್ನಂತೂ ಹಚ್ಚಲೇಬೇಡಿ. ಅದರ ಅಂಟು ಕಂದು ಕಲೆಯಾಗಿ ಉಳಿಯುತ್ತದೆ, ತೆಗೆಯಲು ಬರುವುದಿಲ್ಲ. ಅದೇ ಬಣ್ಣದ ತೆಳು ಕಾಗದದ ಪಟ್ಟಿಯನ್ನು ನೀರಾದ ಮೈದಾ ಅಂಟಿನಲ್ಲಿ ಹಚ್ಚಿ ನೆರಳಿನಲ್ಲಿ ಒಣಗಿಸಿದರೆ ಸಾಕು. ಪಟಗಳ ನಡುವೆ ಹಳೆಯ ದಿನಪತ್ರಿಕೆ ಹಾಸುವ ಅಭ್ಯಾಸವನ್ನೂ ಬಿಡಬೇಕು, ಅದರಲ್ಲಿನ ಆಮ್ಲ ಪಟದ ಕಾಗದಕ್ಕೂ ಇಳಿಯುತ್ತದೆ. ಗಂಜಿ ಹಾಕದೆ ಒಗೆದ ಹಳೆಯ ಬಿಳಿ ಪಂಚೆ ಇದಕ್ಕೆ ಎಲ್ಲಕ್ಕಿಂತ ಉತ್ತಮ.

ಇನ್ನು ಹಾರಿಸಬೇಕೇ, ಕಾಪಿಡಬೇಕೇ ಎಂಬ ಪ್ರಶ್ನೆ. ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ವಿನ್ಯಾಸಗೊಳಿಸಿದ ಸಂಸ್ಕಾರ ಕೇಂದ್ರದ ಕಟ್ಟಡದಲ್ಲಿ ಆರಂಭವಾದ ಗಾಳಿಪಟ ಸಂಗ್ರಹಾಲಯ ಭಾನುಭಾಯಿ ಶಾ ಅವರೊಬ್ಬರ ಸ್ವಂತ ಸಂಗ್ರಹದಿಂದ ಹುಟ್ಟಿಕೊಂಡದ್ದು. ಒಬ್ಬರ ಮನೆಯ ಅಟ್ಟದಲ್ಲಿದ್ದ ಕಾಗದ ಕಡ್ಡಿಗಳು ಮುಂದೆ ಊರಿನ ಆಸ್ತಿಯಾಗಬಲ್ಲವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಹಾಗಾಗಬೇಕಾದರೆ ಪಟದ ಜೊತೆಗೆ ಅದನ್ನು ಹಾರಿಸುವ ತಿಳಿವಳಿಕೆಯೂ ಉಳಿಯಬೇಕು. ನನ್ನ ದೃಷ್ಟಿಯಲ್ಲಿ ಗಾಳಿಪಟದ ಪ್ರಾಣವಿರುವುದು ಅದರ ಸೂತ್ರದಲ್ಲಿ, ಅಂದರೆ ಪಟದ ಕಡ್ಡಿಗೂ ಹಾರಿಸುವ ದಾರಕ್ಕೂ ನಡುವೆ ಕಟ್ಟುವ ಎಳೆಗಳಲ್ಲಿ. ಎಷ್ಟೇ ಚೆಂದದ ಪಟವಾದರೂ ಸೂತ್ರ ಬಿಚ್ಚಿಹೋಗಿ, ಅದರ ಅಳತೆ ಯಾರಿಗೂ ತಿಳಿಯದಂತಾದರೆ ಉಳಿಯುವುದು ಗೋಡೆಯ ಚಿತ್ರ ಮಾತ್ರ. ಹೀಗಾಗಿ ನನ್ನ ಸಲಹೆ ಇಷ್ಟು: ಮತ್ತೆ ಸಿಗುವಂಥದ್ದನ್ನೂ ಮತ್ತೆ ಮಾಡಬಹುದಾದದ್ದನ್ನೂ ಮನಸಾರೆ ಹಾರಿಸಿರಿ, ಮತ್ತೆ ಸಿಗದ್ದನ್ನು, ಅಂದರೆ ಮಾಡಿದ ಕೈ ಈಗಿಲ್ಲದ ಕಾಗದದ ಪಟ, ಕೈಬರಹದ ಚಿತ್ರವಿರುವ ರೊಕ್ಕಾಕು, ಇಂಥವನ್ನು ಹಾರಿಸದೆ ಅವುಗಳ ನಕಲನ್ನು ಮಾಡಿ ಹಾರಿಸಿರಿ. ಸ್ಪೋರ್ಟ್ ಪಟ, ಡೆಲ್ಟಾ, ಪ್ಯಾರಾಫಾಯಿಲ್ ಮೂರೂ ಹಾರಿಸುವುದಕ್ಕೆಂದೇ ಇರುವಂಥವು, ಅವನ್ನು ಚೀಲದಲ್ಲಿ ಮುಚ್ಚಿಟ್ಟರೆ ಉಳಿಯುತ್ತವೆ ಎಂದು ಭಾವಿಸಬಾರದು. ರಿಪ್‌ಸ್ಟಾಪ್ ಎಂಬ, ಸುಲಭವಾಗಿ ಹರಿಯದಂತೆ ನೇಯ್ದ ನೈಲಾನ್ ಬಟ್ಟೆಗೆ ಬಳಿದ ಪಾಲಿಯುರೆಥೇನ್ ಲೇಪ ಅಟ್ಟದ ಸೆಕೆಗೂ ತೇವಕ್ಕೂ ಸಿಕ್ಕಿ ಅಂಟಂಟಾಗುತ್ತದೆ. ರಬ್ಬರಿನ ದಾರ ಬಿಗಿತ ಕಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಜೋಡಣೆಗಳು ಸೀಳುತ್ತವೆ. ದಾವಣಗೆರೆಯ ಬೇಸಿಗೆಯಲ್ಲಿ ತಾರಸಿಗೆ ತಗುಲಿದ ಅಟ್ಟ ಯಾವ ಪಟಕ್ಕೂ ತಕ್ಕ ಜಾಗವಲ್ಲ. ಕೆಳಗಿನ ಕೋಣೆಯ ಒಳಗೋಡೆಗೆ ಹೊಂದಿಕೊಂಡ ಬೀರು, ಮಂಚದ ಕೆಳಗಿನ ಮರದ ಪೆಟ್ಟಿಗೆ, ಇವು ಮೇಲು. ಗೋಡೆಗೆ ಹಾಕಿದವನ್ನು ಬಿಸಿಲು ಬೀಳದ ಕಡೆಗೆ ಸರಿಸಿ, ಕೆಲವು ತಿಂಗಳಿಗೊಮ್ಮೆ ಬದಲಿಸುತ್ತಿರಿ.

ಸೂತ್ರದ ಅಳತೆಯನ್ನು ಬರೆದಿಡುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಲವತ್ತು ಪಟಗಳ ಸಂಗ್ರಹದಲ್ಲಿ ಮಾಡಲೇಬೇಕಾದ ಕೆಲಸ ಇದೊಂದೇ. ಹಲಗೆಗೆ ಒಂದು ಮೊಳೆ ಹೊಡೆದು, ಸೂತ್ರದ ಎಲ್ಲ ಎಳೆಗಳೂ ಕೂಡುವ ಕುಣಿಕೆಯನ್ನು ಅದಕ್ಕೆ ಸಿಕ್ಕಿಸಿ, ಪಟವನ್ನು ಹಗುರವಾಗಿ ಹಿಂದಕ್ಕೆ ಎಳೆದು ಹಿಡಿದಾಗ ಎಳೆಗಳು ಬಿಗಿಯಾಗುತ್ತವೆ. ಆಗ ಕುಣಿಕೆಯಿಂದ ಕಡ್ಡಿಗೆ ಕಟ್ಟಿದ ಗಂಟಿನವರೆಗೆ ಒಂದೊಂದು ಎಳೆಯನ್ನೂ ಮಿಲಿಮೀಟರಿನಲ್ಲಿ ಅಳೆದು ಕಾರ್ಡಿನ ಮೇಲೆ ಚಿತ್ರ ಬರೆದು ಗುರುತಿಸಬೇಕು. ಹಳೆಯ ಪಟದ ದಾರವನ್ನು ಬೆಳಕಿಗೆ ಹಿಡಿದು ನೋಡಿದರೆ ಕೆಲವೊಮ್ಮೆ ಈಗಿನ ಗಂಟಿನ ತುಸು ಮೇಲೋ ಕೆಳಗೋ ದಾರದ ಹುರಿ ಚಪ್ಪಟೆಯಾಗಿ, ಒಂದು ಅಕ್ಕಿಕಾಳಿನಷ್ಟು ಉದ್ದ ಬಣ್ಣ ಮಾಸದೆ ಉಳಿದಿರುವುದು ಕಾಣುತ್ತದೆ. ಹಿಂದೆ ಹಾರಿಸಿದವರು ಗಂಟನ್ನು ಇಟ್ಟುಕೊಂಡಿದ್ದ ಜಾಗ ಅದು, ಆ ಪಟ ಯಾವ ಗಾಳಿಗೆ ಹದವಾಗಿತ್ತು ಎಂಬುದರ ಸುಳಿವೂ ಅಲ್ಲಿದೆ. ಅದನ್ನೂ ಅಳೆದುಕೊಳ್ಳಿ. ದಾರ ಲಡ್ಡಾಗಿ ಹೊಸದನ್ನು ಕಟ್ಟಬೇಕಾಗಿ ಬಂದರೆ ಹಳೆಯದನ್ನು ಗಂಟುಗಳ ಸಮೇತ ಕವರಿನಲ್ಲಿ ಹಾಕಿ ಪಟದ ಜೊತೆಯಲ್ಲೇ ಇಡಬೇಕು. ಹಾರಿಸುವಾಗ ಸೂತ್ರವನ್ನು ಹದಗೊಳಿಸುವ ರೀತಿ ನಿಮಗೆ ತಿಳಿದೇ ಇದ್ದೀತು: ಒಂದೇ ದಾರದ ಪಟ ಮೇಲೇರದೆ ಹಿಂದಕ್ಕೆ ವಾಲಿ ಭಾರವಾಗಿ ಎಳೆದರೆ ಕುಣಿಕೆಯನ್ನು ತಲೆಯ ಕಡೆಗೆ ಸರಿಸಬೇಕು, ತಲೆಯ ಮೇಲಕ್ಕೆ ಬಂದು ಗಾಳಿ ತಪ್ಪಿ ಮುಂದಕ್ಕೆ ಬೀಳುವಂತಾದರೆ ಬಾಲದ ಕಡೆಗೆ ಸರಿಸಬೇಕು. ಒಂದು ಸಲಕ್ಕೆ ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಬೇಡ.

ಪಟ್ಟಿ ಮಾಡುವಾಗ ಪಟಗಳನ್ನು ದೇಶದ ಪ್ರಕಾರವೋ ಬಣ್ಣದ ಪ್ರಕಾರವೋ ಜೋಡಿಸುವವರಿದ್ದಾರೆ. ಪಟ ಗಾಳಿಯಲ್ಲಿ ನೆಲೆನಿಲ್ಲುವ ಬಗೆಯನ್ನೇ ಆಧಾರವಾಗಿ ಇಟ್ಟುಕೊಂಡರೆ ನಿಮ್ಮ ಸಂಗ್ರಹಕ್ಕೆ ಒಂದು ಕಥೆ ಬರುತ್ತದೆ. ನಮ್ಮ ಆಷಾಢದ ಪಟ ಬಾಲಂಗೋಚಿಯ ಎಳೆತದಿಂದ ನೇರ ನಿಲ್ಲುತ್ತದೆ. ಪತಂಗಕ್ಕೆ ಬಾಲಂಗೋಚಿ ಇಲ್ಲ. ದಾರವನ್ನು ಜಗ್ಗಿದಾಗ ಅದರ ಬಿಲ್ಲುಗಡ್ಡಿ ಹಿಂದಕ್ಕೆ ಬಾಗಿ ಪಟ ನೆಟ್ಟಗೆ ಓಡುತ್ತದೆ, ಸಡಿಲ ಬಿಟ್ಟಾಗ ಚಪ್ಪಟೆಯಾಗಿ ಗಿರ್ರನೆ ಸುತ್ತುತ್ತದೆ, ಆ ಸುತ್ತಿನಲ್ಲಿ ತಲೆ ಬೇಕಾದ ಕಡೆಗೆ ತಿರುಗಿದ ಕ್ಷಣದಲ್ಲಿ ಜಗ್ಗುವುದೇ ಹಾರಿಸುವವರ ಜಾಣ್ಮೆ. ಒಂದೇ ದಾರದಲ್ಲಿ ಇಷ್ಟೊಂದು ಹಿಡಿತ ಕೊಡುವ ಪಟ ಪತಂಗದಂತೆ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ. ಪಶ್ಚಿಮ ದೇಶಗಳಲ್ಲಿ ಅಡ್ಡಗಡ್ಡಿಯನ್ನು ಶಾಶ್ವತವಾಗಿ ಬಿಲ್ಲಿನಂತೆ ಬಗ್ಗಿಸಿ ಬಾಲಂಗೋಚಿಯ ಹಂಗು ತಪ್ಪಿಸಿದವರು ಅಮೆರಿಕದ ವಿಲಿಯಂ ಎಡ್ಡಿ. ಅವರ ಪಟಗಳು 1894ರಲ್ಲಿ ಅಮೆರಿಕದ ಬ್ಲೂ ಹಿಲ್ ಹವಾಮಾನ ವೀಕ್ಷಣಾಲಯದಲ್ಲಿ ಉಷ್ಣತೆ ದಾಖಲಿಸುವ ಉಪಕರಣವನ್ನು ಆಕಾಶಕ್ಕೆ ಹೊತ್ತೊಯ್ದವು. ಅದೇ ವರ್ಷ ಆಸ್ಟ್ರೇಲಿಯದ ಲಾರೆನ್ಸ್ ಹಾರ್ಗ್ರೇವ್ ತಾವು ರೂಪಿಸಿದ ಪೆಟ್ಟಿಗೆ ಪಟಗಳನ್ನು ಸಾಲಾಗಿ ಕಟ್ಟಿ, ತಾವೇ ನೆಲದಿಂದ ಸುಮಾರು 16 ಅಡಿ ಮೇಲೇರಿದರು. ನಿಮ್ಮ ರೊಕ್ಕಾಕು ಜಪಾನಿನ ನೀಗಾತಾ ಪ್ರಾಂತದ ಸಾಂಜೊ ಊರಿನ ಕಾಳಗದ ಪಟದ ಮನೆತನಕ್ಕೆ ಸೇರಿದ್ದು, ಅದೂ ಬಿಲ್ಲಿನ ಬಾಗಿನಿಂದಲೇ ನಿಲ್ಲುತ್ತದೆ. ಕಡ್ಡಿಯೇ ಇಲ್ಲದೆ ಗಾಳಿ ತುಂಬಿಕೊಂಡು ಆಕಾರ ತಾಳುವ ಪ್ಯಾರಾಫಾಯಿಲ್ 1964ರ ಹೊತ್ತಿಗೆ ಡೊಮಿನಾ ಜಾಲ್ಬರ್ಟ್ ಅವರಿಂದ ಬಂತು. ಎರಡು ದಾರದ ಪಟವನ್ನು ಜನಸಾಮಾನ್ಯರ ಆಟವಾಗಿಸಿದವರು ಇಂಗ್ಲೆಂಡಿನ ಪೀಟರ್ ಪೊವೆಲ್, 1972ರಲ್ಲಿ. ಅದಕ್ಕೂ ಮೊದಲು ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಾಲ್ ಗಾರ್ಬರ್ ಅಮೆರಿಕದ ನೌಕಾಪಡೆಯ ಗುರಿಕಾರರ ಅಭ್ಯಾಸಕ್ಕೆಂದು, ನೆಲದಿಂದಲೇ ತಿರುಗಿಸಬಹುದಾದ ಪಟಗಳನ್ನು ಮಾಡಿದ್ದರು.

ಎಡಕ್ಕೇ ಎಳೆಯುವ ಸ್ಪೋರ್ಟ್ ಪಟದ ಬಗ್ಗೆ. ದೋಷ ದಾರದಲ್ಲಿದೆಯೋ ಪಟದಲ್ಲಿದೆಯೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಎಡದ ದಾರವನ್ನು ಬಲ ರೆಕ್ಕೆಗೂ ಬಲದ ದಾರವನ್ನು ಎಡ ರೆಕ್ಕೆಗೂ ಬದಲಾಯಿಸಿ ಕಟ್ಟಿ, ಹಿಡಿಕೆಗಳನ್ನೂ ಹಾಗೆಯೇ ಕೈಬದಲಿಸಿ ಹಾರಿಸಿ ನೋಡಿ. ಪಟ ಈಗ ಬಲಕ್ಕೆ ಎಳೆದರೆ ದಾರಗಳ ಉದ್ದ ಸಮನಾಗಿಲ್ಲ ಎಂದರ್ಥ; ಆಗಲೂ ಎಡಕ್ಕೇ ಎಳೆದರೆ ದೋಷ ಪಟದ್ದೇ. ದಾರದ್ದಾದರೆ ಎರಡರ ತುದಿಯನ್ನೂ ಒಂದೇ ಗೂಟಕ್ಕೆ ಸಿಕ್ಕಿಸಿ, ಪೂರ್ತಿ ಬಿಚ್ಚಿ, ಬಲವಾಗಿ ಜಗ್ಗಿ ಹಿಡಿದು, ಉದ್ದವಿರುವ ದಾರದ ಕುಣಿಕೆಯನ್ನು ಮತ್ತೆ ಗಂಟು ಹಾಕಿದರೆ ಸರಿಹೋಗುತ್ತದೆ. ಹೊಸ ದಾರಗಳು ಮೊದಮೊದಲು ಹಿಗ್ಗುವುದು ಸಹಜ. ಪಟದ್ದಾದರೆ ಅದನ್ನು ನಡುಗಡ್ಡಿಯ ನೇರಕ್ಕೆ ಮಡಚಿ ಎಡಬಲದ ಸೂತ್ರಗಳನ್ನು ಒಂದರ ಮೇಲೊಂದು ಹಿಡಿದು ನೋಡಿ. ಎರಡು ಮಿಲಿಮೀಟರಿನ ವ್ಯತ್ಯಾಸವೂ ಹಾರಾಟದಲ್ಲಿ ತೋರುತ್ತದೆ. ಅದೂ ಸರಿಯಿದ್ದರೆ ಕೆಳಗಿನ ಅಡ್ಡ ಕೊಳವೆ ನಡುವಿನ ಜೋಡಣೆಯೊಳಗೆ ಎರಡು ಕಡೆಯಿಂದಲೂ ಪೂರ್ತಿ ಕೂತಿದೆಯೇ, ಮೂಗಿನ ಬಳಿ ಒಂದು ಕಾರ್ಬನ್ ಕಡ್ಡಿ ಹೊಲಿಗೆಯಿಂದ ಜಾರಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಹೀಗೆ ನೋಡುವಾಗ ಕಾರ್ಬನ್ ಕಡ್ಡಿಯ ತುದಿ ಸಿಬಿರೆದ್ದಿದ್ದರೆ ಜೋಕೆ, ಆ ಸಿಬಿರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ. ಚೀಲಕ್ಕೆ ಹಾಕುವಾಗ ಅಡ್ಡ ಕೊಳವೆಗಳನ್ನು ಬಿಡಿಸಿ ಬಟ್ಟೆಯ ಬಿಗಿತ ತೆಗೆದಿರಬೇಕು. ರೊಕ್ಕಾಕುವಿಗೂ ಅದೇ ನಿಯಮ. ಬಿಲ್ಲಿನ ದಾರ ಸಡಿಲಿಸದೆ ಇಟ್ಟರೆ ಬಿದಿರು ಆ ಬಾಗಿಗೇ ಒಗ್ಗಿ ತನ್ನ ಬಿಗಿ ಕಳೆದುಕೊಳ್ಳುತ್ತದೆ.

ಸ್ಪೋರ್ಟ್ ಪಟದ ದಾರ ಸಾಮಾನ್ಯವಾಗಿ ಡೈನೀಮಾ ಅಥವಾ ಸ್ಪೆಕ್ಟ್ರಾ ಎಂಬ ನೂಲಿನದು. ಹಿಗ್ಗುವುದು ಕಡಿಮೆ, ಒಂದರ ಮೇಲೊಂದು ನುಣ್ಣಗೆ ಜಾರುವುದರಿಂದ ನಾಲ್ಕಾರು ಸುತ್ತು ಹೊಸೆದುಕೊಂಡರೂ ಪಟ ಮಾತು ಕೇಳುತ್ತದೆ. ಆದರೆ ಸುಮಾರು 145 ಡಿಗ್ರಿ ಸೆಲ್ಸಿಯಸ್‌ಗೇ ಅದು ಕರಗುತ್ತದೆ. ಬೇರೆ ಜಾತಿಯ ದಾರ ಅಡ್ಡಬಂದು ಉಜ್ಜಿದರೆ ಆ ಉಜ್ಜಿನ ಬಿಸಿಗೇ ಕಡಿದುಹೋಗುತ್ತದೆ. ಮಕ್ಕಳು ಪತಂಗ ಹಾರಿಸುತ್ತಿರುವ ಮೈದಾನದಲ್ಲಿ ನಿಮ್ಮ ಸ್ಪೋರ್ಟ್ ಪಟವನ್ನು ಬಿಚ್ಚಬೇಡಿ.

ಗಾಳಿಯ ವಿಷಯಕ್ಕೆ ಬಂದರೆ ನಿಮ್ಮ ದಾವಣಗೆರೆಗೂ ನಾನಿರುವ ಚಿತ್ರದುರ್ಗಕ್ಕೂ ನಡುವೆ ಅಂತರ ಕಡಿಮೆಯಾದರೂ ಗಾಳಿಯ ಗುಣ ಬೇರೆ ಬೇರೆ. ದುರ್ಗದ ಸುತ್ತಲ ಗುಡ್ಡದ ಸಾಲುಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮುಂಗಾರಿನ ಪಡುವಣ ಗಾಳಿ ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಹಗಲಿರುಳು ಬೀಸುತ್ತದೆ, ಮಳೆ ಮಾತ್ರ ಕಡಿಮೆ. ಆದರೆ ಕೋಟೆಯ ಬಂಡೆಗಳ ಮರೆಯಲ್ಲಿ ಆ ಗಾಳಿ ಮುರಿದು ಸುಳಿಯಾಗುತ್ತದೆ. ಎತ್ತರದ ಅಡ್ಡಿಯೊಂದರ ಹಿಂದೆ ಅದರ ಎತ್ತರದ ಏಳು ಪಟ್ಟು ದೂರದವರೆಗಾದರೂ ಗಾಳಿ ಕಲಕಿರುತ್ತದೆ ಎಂದು ಲೆಕ್ಕ ಹಿಡಿದು, ಗುಡ್ಡ ಬಂಡೆಗಳ ಗಾಳಿ ಬರುವ ಬದಿಯಲ್ಲಿ ನಿಲ್ಲಬೇಕು. ಕೋಟೆಯ ಒಳಗೆ ಹಾರಿಸುವುದು ಬೇಡ, ಅದು ಸಂರಕ್ಷಿತ ಸ್ಮಾರಕ. ಹತ್ತಿರದ ಜೋಗಿಮಟ್ಟಿ ಗುಡ್ಡ ಅರಣ್ಯ ಇಲಾಖೆಯ ಹಿಡಿತದಲ್ಲಿದೆ. ಗಾಳಿಯಂತ್ರ, ವಿದ್ಯುತ್ ತಂತಿಗಳ ಬಳಿಗೆ ಸುಳಿಯಲೇಬಾರದು. ಕಾರ್ಬನ್ ಕಡ್ಡಿಯೂ ನೆನೆದ ದಾರವೂ ವಿದ್ಯುತ್ತನ್ನು ಕೈಗೆ ಹರಿಸುತ್ತವೆ. ದಾವಣಗೆರೆಯಲ್ಲಿ ನಿಮಗೆ ಭದ್ರಾ ನಾಲೆಯ ಬಯಲಿದೆ. ಭತ್ತ ಕೊಯ್ಲಾಗಿ ಗದ್ದೆ ಒಣಗಿದಾಗ ಮರಮಟ್ಟುಗಳ ಅಡ್ಡಿಯಿಲ್ಲದ ಅಂಥ ಸಮನೆಯ ನೆಲ ದುರ್ಗದಲ್ಲಿ ನಮಗೆ ಸಿಗುವುದು ಅಪರೂಪ, ರೈತರನ್ನು ಕೇಳಿಕೊಂಡು ಬಳಸಿರಿ.

ಬೇವಿನ ಎಲೆ ಅಲುಗಾಡಿ ಸಣ್ಣಗೆ ಸದ್ದು ಮಾಡುವ, ಗಂಟೆಗೆ 6ರಿಂದ 11 ಕಿಲೋಮೀಟರಿನ ಗಾಳಿ ಡೆಲ್ಟಾಗಳಿಗೂ ಪತಂಗಕ್ಕೂ ಸಾಕು. ಚಳಿಗಾಲದ ಮುಂಜಾವು ಕಳೆದ ಮೇಲೆ ನಿಮ್ಮಲ್ಲಿ ಬರುವ ಮೂಡಣ ಗಾಳಿ ಬಹುಮಟ್ಟಿಗೆ ಈ ಬಗೆಯದು. ದೂಳೂ ಕಾಗದವೂ ಏಳುವ, ಸಣ್ಣ ಕೊಂಬೆಗಳು ತೂಗುವ 20ರಿಂದ 28 ಕಿಲೋಮೀಟರಿನ ಗಾಳಿ ಸ್ಪೋರ್ಟ್ ಪಟಕ್ಕೆ ಹಬ್ಬ. ಅದಕ್ಕೂ ಮೇಲಿನ ಆಷಾಢದ ಬಿರುಸಿಗೆ ದೊಡ್ಡ ಪಟವನ್ನು ಒಡ್ಡುವ ಮುನ್ನ ಒಂದು ಲೆಕ್ಕ ನೆನಪಿರಲಿ: ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ಒಂದೂವರೆ ಚದರ ಮೀಟರಿನ ರೊಕ್ಕಾಕು 30 ಕಿಲೋಮೀಟರಿನ ಗಾಳಿಯಲ್ಲಿ ಹೆಚ್ಚು ಕಡಿಮೆ ಐದು ಕಿಲೋ ಭಾರದಷ್ಟು ಎಳೆದರೆ, 45ರಲ್ಲಿ ಹನ್ನೊಂದು ಕಿಲೋ ದಾಟುತ್ತದೆ. ಗಂಟು ಹಾಕಿದಲ್ಲಿ ದಾರದ ಶಕ್ತಿ ಅರ್ಧದಷ್ಟೇ ಎಂದು ಭಾವಿಸಿ 50 ಕಿಲೋ ತಾಳುವ ದಾರವನ್ನೇ ಬಳಸಿ, ಕೈಗವಸು ಹಾಕಿಕೊಳ್ಳಿ. ಮಾರ್ಚ್ ಏಪ್ರಿಲ್ ಮಧ್ಯಾಹ್ನ ಬಯಲಿನಲ್ಲಿ ಸುಂಟರಗಾಳಿ ಏಳುವುದರಿಂದ ಮಕ್ಕಳ ಕೈಗೆ ದೊಡ್ಡ ಪಟ ಕೊಡಬಾರದು. ಗುಡುಗು ಕೇಳಿದೊಡನೆ ಇಳಿಸಿಬಿಡಬೇಕು.

ಚರಕಗಳಲ್ಲಿರುವ ಮಾಂಜಾವನ್ನು ಪರೀಕ್ಷಿಸಿ. ನೈಲಾನ್ ಮುಂತಾದ ಕೃತಕ ನೂಲಿನ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಅದನ್ನು ಸಂಗ್ರಹದ ಹೆಸರಿನಲ್ಲಿ ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಗಟ್ಟಿ ಡಬ್ಬಿಯಲ್ಲಿ ಮುಚ್ಚಿ ವಿಲೇವಾರಿ ಮಾಡಿರಿ, ಇಡಿಯಾಗಿ ಎಸೆದರೆ ಕುಂದವಾಡ ಕೆರೆಯ ಹಕ್ಕಿಗಳ ಕಾಲಿಗೋ ದಾರಿಹೋಕರ ಕೊರಳಿಗೋ ಸುತ್ತಿಕೊಂಡೀತು. ಬರಿದಾದ ಚರಕ ಚೆಂದದ ವಸ್ತು, ಅದನ್ನು ಇಟ್ಟುಕೊಳ್ಳಿ. ಕಾನೂನಿನ ಮಾತು ಬಂದದ್ದರಿಂದ ಇನ್ನೊಂದು: 1934ರ ವಿಮಾನ ಕಾಯಿದೆಯ ವ್ಯಾಖ್ಯೆಯೇ ಗಾಳಿಪಟವನ್ನೂ ವಿಮಾನಗಳ ಸಾಲಿಗೆ ಸೇರಿಸಿತ್ತು. ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ನೆಲೆ ಇರುವುದರಿಂದ, ಆ ದಿಕ್ಕಿನ ಹುಲ್ಲುಗಾವಲು ಎಷ್ಟೇ ವಿಶಾಲವಾಗಿದ್ದರೂ ಪಟದ ಚೀಲ ಹಿಡಿದು ಅಲ್ಲಿಗೆ ಹೋಗುವುದು ಸಲ್ಲದು.

ಕೊನೆಯದಾಗಿ ನಾಲ್ಕು ದಾರದ ಪಟ. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡ ರೆವಲ್ಯೂಷನ್ ಪಟದಿಂದ ಪ್ರಸಿದ್ಧವಾದ ಈ ಬಗೆ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಿಂದಕ್ಕೂ ಹಾರುತ್ತದೆ. ಅದನ್ನು ಬಯಸುವುದರಲ್ಲಿ ತಪ್ಪಿಲ್ಲ. ಆದರೂ ಎಳೆಯುವ ಸ್ಪೋರ್ಟ್ ಪಟವನ್ನು ನೀವೇ ಸರಿಪಡಿಸಿ, ಒಂದು ಆಷಾಢ ಅದರಲ್ಲಿ ಕೈ ಪಳಗಿಸಿಕೊಂಡ ಮೇಲೆ ಕೊಳ್ಳಿರಿ. ಅದಕ್ಕಿಂತ ಮುಂಚೆ ನಿಮ್ಮ ಸಾಲಿನಲ್ಲಿ ತುಂಬಬೇಕಾದ ತೆರವೊಂದಿದೆ. ಬಾಲಂಗೋಚಿ ಪಟಕ್ಕೂ ಡೆಲ್ಟಾಕ್ಕೂ ನಡುವೆ ನಿಲ್ಲಬೇಕಾದ ಎಡ್ಡಿ ಪಟ ನಿಮ್ಮಲ್ಲಿಲ್ಲ, ಅದನ್ನು ಊರಿನಲ್ಲೇ ಮಾಡಿಸಬಹುದು. ಮೇದಾರರ ಬಳಿ ಚೆನ್ನಾಗಿ ಬಲಿತ, ನೀರಿನಲ್ಲಿ ನೆನೆಹಾಕಿ ಒಣಗಿಸಿದ ಬಿದಿರಿನಿಂದ ಒಂದೇ ಉದ್ದದ ಎರಡು ಕಡ್ಡಿ ಸೀಳಿಸಿಕೊಳ್ಳಿ. ನೆನೆಸಿದ ಬಿದಿರಿನಲ್ಲಿ ಪಿಷ್ಟ ಇಳಿದುಹೋಗಿರುವುದರಿಂದ ಕುಟ್ಟೆಯ ಕಾಟವೂ ಕಡಿಮೆ. ಕಡ್ಡಿ 120 ಸೆಂಟಿಮೀಟರ್ ಇದ್ದರೆ, ನಡುಗಡ್ಡಿಯ ತುದಿಯಿಂದ 22ರಿಂದ 24 ಸೆಂಟಿಮೀಟರ್ ಕೆಳಗೆ ಅಡ್ಡಗಡ್ಡಿಯ ನಡುಬಿಂದುವನ್ನು ಕಟ್ಟಿ, ಅಡ್ಡಗಡ್ಡಿಯನ್ನು ಹಿಂದಕ್ಕೆ 12 ಸೆಂಟಿಮೀಟರ್ ಆಳದ ಬಿಲ್ಲಾಗುವಂತೆ ದಾರ ಬಿಗಿಯಿರಿ. ಹೊದಿಕೆಗೆ ಒತ್ತಾಗಿ ನೇಯ್ದ ತೆಳುವಾದ ಹತ್ತಿ ಬಟ್ಟೆ ಆಗುತ್ತದೆ. ಹೊಲಿಯುವಾಗ ಅದನ್ನು ಬಿಗಿಯಾಗಿ ಎಳೆಯದೆ ಎರಡು ಕಡೆಯೂ ಸಮನಾಗಿ ತುಸು ಸಡಿಲ ಬಿಟ್ಟರೆ ಗಾಳಿ ತುಂಬಿಕೊಳ್ಳಲು ಜಾಗವಾಗುತ್ತದೆ. ಸೂತ್ರದ ಮೇಲಿನ ಎಳೆಯನ್ನು ಕಡ್ಡಿಗಳು ಕೂಡುವಲ್ಲಿ, ಕೆಳಗಿನದನ್ನು ನಡುಗಡ್ಡಿಯ ಬುಡದಲ್ಲಿ ಕಟ್ಟಿ, ಕುಣಿಕೆಯನ್ನು ಮೇಲಿನ ಗಂಟಿಗಿಂತ ಸ್ವಲ್ಪ ಕೆಳಗೆ ಬರುವಂತೆ ಇಟ್ಟುಕೊಂಡು, ನಿಮ್ಮ ಗದ್ದೆ ಬಯಲಿನ ಗಾಳಿಗೆ ಹದ ಸಿಕ್ಕಿದ ದಿನ ಆ ಅಳತೆಯನ್ನೂ ಕಾರ್ಡಿಗೆ ಬರೆದು ಸಂಗ್ರಹಕ್ಕೆ ಸೇರಿಸಿರಿ.